ಹೆಸರಿನ ನಡುವಿನ ಸ್ಥಾನ ತಂದೆಯದು

ಗುಡಗೇರಿಯ ಮನೆಯೊಂದರಲ್ಲಿ ಅಕೀಕಾ ಇತ್ತು. ಮಗು ಹುಟ್ಟಿ ಏಳನೆಯ ದಿನ. ತಲೆಗೂದಲು ತೆಗೆದದ್ದಾಯಿತು, ಮಾಂಸ ಹಂಚಿದ್ದಾಯಿತು, ನೆಂಟರ ಊಟವೂ ಮುಗಿಯಿತು. ಹೆಸರು ಮಾತ್ರ ಇನ್ನೂ ನಿಶ್ಚಯವಾಗಿರಲಿಲ್ಲ. ತಂದೆತಾಯಿಯರು ಅಬ್ದುರ್ರಹ್ಮಾನ್ ಎಂದು ಮೊದಲೇ ಯೋಚಿಸಿಟ್ಟಿದ್ದರು. ತೀರಿಹೋದ ಪತಿ ಹುಸೇನಸಾಬರ ಹೆಸರು ಮನೆಯಲ್ಲಿ ಉಳಿಯಬೇಕೆಂಬುದು ಅಜ್ಜಿಯ ಆಸೆ. ಕೊನೆಗೆ ಎರಡೂ ಇರಲಿ ಎಂದು ಎಲ್ಲರೂ ಒಪ್ಪಿದರು. ಆಗ ಇನ್ನೊಂದು ಪ್ರಶ್ನೆ ಎದ್ದಿತು: ಯಾವುದು ಮುಂದೆ, ಯಾವುದು ನಡುವೆ? "ನಿಮ್ಮಪ್ಪನ ಹೆಸರು ನಡುವ ಇದ್ದರೂ ಸಾಕಪ್ಪಾ, ಒಟ್ಟ ಇರಲಿ" ಎಂದು ಅಜ್ಜಿ ಕಣ್ಣೊರೆಸಿಕೊಂಡರು. ಮೊದಲು ಅಬ್ದುರ್ರಹ್ಮಾನ್, ನಡುವೆ ಹುಸೇನಸಾಬ, ಕೊನೆಗೆ ಮನೆತನದ ಅಡ್ಡಹೆಸರು ಎಂದು ಕಾಗದದ ಮೇಲೆ ಬರೆದರು. ಎಲ್ಲರಿಗೂ ಸಮಾಧಾನವಾಯಿತು. ಅಷ್ಟರಲ್ಲಿ ಅಲ್ಲಿದ್ದ ನಿವೃತ್ತ ಶಿಕ್ಷಕರೊಬ್ಬರು ಆ ಕಾಗದವನ್ನು ಓದಿ ಕೇಳಿದರು: "ಹಂಗಾದ್ರ ಈ ಕೂಸಿನ ಅಪ್ಪ ಯಾರು?"

ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಧಾರವಾಡ ಸೀಮೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. ಮೊದಲು ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಊರನ್ನೋ ಕಸುಬನ್ನೋ ಸೂಚಿಸುವ ಅಡ್ಡಹೆಸರು, ಇದು ಇಲ್ಲಿ ರೂಢಿಯಲ್ಲಿರುವ ಕ್ರಮ. ಹತ್ತಿ ಹಿಂಜುವ ಕಸುಬಿನಿಂದ ನದಾಫ, ಬಡಗಿ ಕೆಲಸದಿಂದ ಸುತಾರ. ಮಹಾಲಿಂಗಪುರದ ಪದ್ಮಶ್ರೀ ಪುರಸ್ಕೃತರ ಪೂರ್ಣ ಹೆಸರು ಇಬ್ರಾಹಿಂ ನಬಿಸಾಬ ಸುತಾರ. ನಬಿಸಾಬ ಅವರ ತಂದೆಯೆಂದು ಈ ಭಾಗದ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಮೈಸೂರಿನ ಕಡೆಯ ಪದ್ಧತಿ ಬೇರೆ. ಅಲ್ಲಿ ಊರು ಮತ್ತು ತಂದೆಯ ಹೆಸರು ಹೆಚ್ಚಾಗಿ ಮುಂದಿನ ಅಕ್ಷರಗಳಲ್ಲಿ ಅಡಗಿರುತ್ತವೆ. ಕವಿ ಕೆ.ಎಸ್. ನಿಸಾರ್ ಅಹಮದ್ ಅವರ ಹೆಸರನ್ನು ಬಿಡಿಸಿದರೆ ಕೊಕ್ಕರೆಹೊಸಹಳ್ಳಿ ಶೇಖ್ ಹೈದರ್ ನಿಸಾರ್ ಅಹಮದ್ ಎಂದಾಗುತ್ತದೆ. ಎರಡೂ ಕ್ರಮಗಳು ಸರಿಯೇ. ಆದರೆ ನಮ್ಮ ಸೀಮೆಯಲ್ಲಿ ನಡುವಿನ ಹೆಸರು ಬರಿಯ ಅಲಂಕಾರವಲ್ಲ. ಅದು 'ಇವನು ಇಂಥವರ ಮಗ' ಎಂಬ ಸಾಕ್ಷ್ಯ. ಅರಬ್ಬರು 'ಬಿನ್' ಎಂಬ ಪದದಿಂದ ಹೇಳುವುದನ್ನು ನಾವು ಆ ಸ್ಥಾನದಿಂದಲೇ ಹೇಳುತ್ತೇವೆ.

ಹೀಗಿರುವಾಗ ಅಜ್ಜನ ಹೆಸರನ್ನು ನಡುವೆ ಇಟ್ಟರೆ ಕಾಗದದ ಮೇಲೆ ಅಜ್ಜನೇ ತಂದೆಯಾಗಿಬಿಡುತ್ತಾನೆ. ಪ್ರೀತಿಯಿಂದ ಮಾಡಿದ್ದು ವಂಶದ ಲೆಕ್ಕವನ್ನೇ ತಪ್ಪಿಸುತ್ತದೆ.

ಇಸ್ಲಾಮ್ ಈ ಲೆಕ್ಕವನ್ನು ಸಣ್ಣ ವಿಷಯವೆಂದು ಭಾವಿಸಿಲ್ಲ. ಹಝ್ರತ್ ಝೈದ್(ರ) ಅವರು ಪ್ರವಾದಿ(ಸ) ಅವರ ಮನೆಯಲ್ಲಿ ಮಗನಂತೆ ಬೆಳೆದವರು. ಜನರು ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯುತ್ತಿದ್ದರು. ಅದಕ್ಕಿಂತ ದೊಡ್ಡ ಗೌರವ ಯಾರಿಗೆ ಸಿಕ್ಕೀತು? ಆದರೂ ದತ್ತುಮಕ್ಕಳನ್ನು ಅವರವರ ತಂದೆಯರ ಹೆಸರಿನಿಂದಲೇ ಕರೆಯಬೇಕು, ಅಲ್ಲಾಹನ ಬಳಿ ಅದೇ ಹೆಚ್ಚು ನ್ಯಾಯಯುತವಾದುದು ಎಂಬ ಆದೇಶ ಬಂದಾಗ (33:5) ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಪ್ರೀತಿ ಎಷ್ಟೇ ದೊಡ್ಡದಾಗಿದ್ದರೂ ತಂದೆಯ ಸ್ಥಾನವನ್ನು ಅದಕ್ಕೆ ಬಿಟ್ಟುಕೊಡುವಂತಿಲ್ಲ ಎಂಬ ಪಾಠ ಇದರಲ್ಲಿದೆ. ಅರಿಯದೆ ಆದ ತಪ್ಪಿಗೆ ದೋಷವಿಲ್ಲ, ಹೃದಯಪೂರ್ವಕವಾಗಿ ಮಾಡಿದ್ದಕ್ಕೆ ಮಾತ್ರ ಹೊಣೆಯಿದೆ ಎಂದು ಅದೇ ವಚನ ಸಾಂತ್ವನವನ್ನೂ ನೀಡುತ್ತದೆ. ಆದುದರಿಂದ ಆ ಮನೆಯವರನ್ನು ಯಾರೂ ದೂಷಿಸಬೇಕಾಗಿಲ್ಲ. ಆದರೆ ತಿಳಿದ ಮೇಲೆ ತಿದ್ದಿಕೊಳ್ಳಬೇಕು.

ಹಾಗಾದರೆ ಅಜ್ಜಿಯ ಆಸೆಯನ್ನು ತಳ್ಳಿಹಾಕಬೇಕೆ? ಖಂಡಿತ ಇಲ್ಲ. ಪ್ರವಾದಿ(ಸ) ಅವರಿಗೆ ಒಂದು ರಾತ್ರಿ ಗಂಡುಮಗು ಹುಟ್ಟಿದಾಗ ತಮ್ಮ ಪೂರ್ವಜ ಇಬ್ರಾಹೀಮ್(ಅ) ಅವರ ಹೆಸರನ್ನೇ ಅದಕ್ಕಿಟ್ಟರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಹಿರಿಯರ ಹೆಸರನ್ನು ಮಗುವಿನಲ್ಲಿ ಉಳಿಸುವುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ. ಆದರೆ ಆ ಹೆಸರನ್ನು ಮಗುವಿನ ಸ್ವಂತ ಹೆಸರಾಗಿ ಮೊದಲಿಗೆ ಇಡಬೇಕು. ಹುಸೇನ್ ಎಂಬುದು ಮುಂದೆ, ತಂದೆಯ ಹೆಸರು ನಡುವೆ. ಆಗ ಅಜ್ಜನ ನೆನಪೂ ಉಳಿಯುತ್ತದೆ, ತಂದೆಯ ಹಕ್ಕೂ ಉಳಿಯುತ್ತದೆ.

ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಹೆಸರುಗಳು ಅಬ್ದುಲ್ಲಾ ಮತ್ತು ಅಬ್ದುರ್ರಹ್ಮಾನ್ ಎಂಬ ಹದೀಸ್ ಇದೆಯಲ್ಲ ಎಂದು ಕೇಳಬಹುದು. ನಿಜ, ಅದೂ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದರೆ ಅದನ್ನು ಕಲಿಸಿದ ಪ್ರವಾದಿ(ಸ) ಅವರೇ ತಮ್ಮ ಮಗನನ್ನು ಇಬ್ರಾಹೀಮ್ ಎಂದೂ ಮೊಮ್ಮಕ್ಕಳನ್ನು ಹಸನ್ ಮತ್ತು ಹುಸೈನ್ ಎಂದೂ ಕರೆದರು. ಅದು ಪ್ರೋತ್ಸಾಹವೇ ಹೊರತು ಕಡ್ಡಾಯವಲ್ಲ.

ನಮ್ಮ ಯುವ ದಂಪತಿಗಳಲ್ಲಿ ಇತ್ತೀಚೆಗೆ ಕಾಣುವ ಒಂದು ಮುಜುಗರದ ಬಗ್ಗೆಯೂ ಹೇಳಬೇಕು. ಹುಸೇನಸಾಬ, ಇಮಾಮಸಾಬ, ಖಾದರಸಾಬ ಎಂಬ ಹೆಸರುಗಳು ಹಳ್ಳಿಯ ಹೆಸರುಗಳೆಂದು ಅವರು ಹಿಂಜರಿಯುತ್ತಾರೆ. ಮೊಬೈಲಿನಲ್ಲಿ ಹುಡುಕಿ, ಅರ್ಥವೇ ಸ್ಪಷ್ಟವಿಲ್ಲದ ಹೊಸ ಹೆಸರನ್ನು ಮುಂದಿಟ್ಟು, ಹಿರಿಯರ ಹೆಸರನ್ನು ಸಂಕೋಚದಿಂದ ನಡುವೆ ತುರುಕುತ್ತಾರೆ. 'ಸಾಬ' ಎಂಬುದು ಸಾಹಿಬ್ ಎಂಬ ಪದದ ನಮ್ಮ ಊರಿನ ರೂಪ. ಸಹಾಬಿಗಳು ಎನ್ನುವಾಗ ಬಳಸುವ ಮೂಲಧಾತುವೇ ಅದರಲ್ಲೂ ಇದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೇಡವೆನಿಸಿದರೆ 'ಸಾಬ' ಬಿಟ್ಟು ಹುಸೇನ್ ಎಂದಷ್ಟೇ ಇಡಿ, ಆದರೆ ಅದನ್ನು ಹೆಮ್ಮೆಯಿಂದ ಮೊದಲಿಗೆ ಇಡಿ.

ಕ್ರಮದ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. 'ಅಬ್ದ್' ಎಂದರೆ ದಾಸ. ಅಬ್ದುರ್ರಹ್ಮಾನ್, ಅಬ್ದುಲ್ ಖಾದಿರ್, ಅಬ್ದುರ್ರಝ್ಝಾಕ್ ಇವೆಲ್ಲ ಒಂದೊಂದೇ ಹೆಸರುಗಳು. ಅರ್ಜಿಯ ಎರಡು ಖಾನೆಗಳಿಗಾಗಿ ಅವನ್ನು ಮುರಿದು ಅಬ್ದುಲ್ ಎಂಬುದನ್ನು ಮೊದಲ ಹೆಸರೂ ರಹ್ಮಾನ್ ಎಂಬುದನ್ನು ನಡುವಿನ ಹೆಸರೂ ಮಾಡಿದರೆ ಏನಾಗುತ್ತದೆ? ಮೊದಲನೆಯದು ಯಾರ ದಾಸನೆಂದು ಹೇಳದ ಅರ್ಧ ಮಾತು. ಎರಡನೆಯದು ಅಲ್ಲಾಹನಿಗೆ ಮಾತ್ರ ಸಲ್ಲುವ ಹೆಸರು. ಮೇಲಾಗಿ ಮಗುವಿನ ತಂದೆ ರಹ್ಮಾನ್ ಎಂಬ ತಪ್ಪು ತಿಳಿವಳಿಕೆ ಬೇರೆ. ನಮ್ಮ ಹಳೆಯ ಶಾಲಾ ದಾಖಲೆಗಳಲ್ಲಿ ಅಬ್ದುಲಖಾದರ, ಅಬ್ದುಲರಜಾಕ ಎಂದು ಕೂಡಿಸಿ ಬರೆಯುವ ಪದ್ಧತಿ ಇತ್ತು. ಕಾಗುಣಿತ ಹೇಗೇ ಇರಲಿ, ಆ ಕೂಡಿಸುವಿಕೆಯಲ್ಲಿ ವಿವೇಕವಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸುವಾಗಲೂ ಅದನ್ನೇ ಪಾಲಿಸಬೇಕು.

ಮುಹಮ್ಮದ್ ಎಂಬ ಶುಭನಾಮವನ್ನು ಬರಕತ್ತಿಗಾಗಿ ಮುಂದೆ ಇಟ್ಟು, ಕರೆಯುವ ಹೆಸರನ್ನು ಅದರ ನಂತರ ಇಡುವ ವಾಡಿಕೆ ಹಳೆಯದು. ಗುಡಗೇರಿಗೆ ಸಮೀಪದ ಶಿಶುನಾಳದಲ್ಲಿ 1819ರಲ್ಲಿ ಇಮಾಮ್ ಸಾಹೇಬರಿಗೆ ಹುಟ್ಟಿದ ಮಗನ ಹೆಸರು ಮಹಮ್ಮದ್ ಶರೀಫ. ನಾಡು ಅವರನ್ನು ಶರೀಫರೆಂದೇ ಕರೆಯಿತು. ಆ ಕಾಲದಲ್ಲಿ ಜನರ ಬಾಯಿಯೇ ದಾಖಲೆಯಾಗಿತ್ತು, ತೊಂದರೆಯಾಗಲಿಲ್ಲ. ಇಂದು ಮೊದಲು ಬರೆದದ್ದೇ ಮಗುವಿನ ಹೆಸರೆಂದು ಕಚೇರಿಗಳು ತಿಳಿಯುತ್ತವೆ. ಒಂದೇ ತರಗತಿಯಲ್ಲಿ ನಾಲ್ವರು ಮುಹಮ್ಮದರಿದ್ದರೆ ಹಾಜರಿಯಲ್ಲಿ ಗೊಂದಲ ತಪ್ಪಿದ್ದಲ್ಲ. ಅದಕ್ಕಿಂತ ನೋವಿನ ಸಂಗತಿಯೆಂದರೆ ಆ ಹೆಸರನ್ನು 'ಮೊ.' ಎಂದೋ 'ಎಂಡಿ' ಎಂದೋ ತುಂಡರಿಸುವುದು. ಬರಕತ್ತಿಗಾಗಿ ಇಟ್ಟ ಹೆಸರನ್ನು ಪೂರ್ತಿ ಬರೆಯುವ ತಾಳ್ಮೆ ನಮಗಿರಬೇಕು. ಮುಹಮ್ಮದ್ ಎಂದೇ ಕರೆಯುವ ಮನಸ್ಸಿದ್ದರೆ ಅದೊಂದೇ ಸಾಕು. ಜೊತೆಗೆ ಇನ್ನೊಂದು ಬೇಕಿದ್ದರೆ ಎರಡನ್ನೂ ಒಂದೇ ಖಾನೆಯಲ್ಲಿ ಬರೆಸಿ, ನಡುವಿನ ಸ್ಥಾನವನ್ನು ತಂದೆಗೆ ಬಿಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಇನ್ನಷ್ಟು ಅಲಕ್ಷ್ಯ ತೋರುತ್ತೇವೆ. ನಿಕಾಹ್ ಆದ ಕೂಡಲೇ ತಂದೆಯ ಹೆಸರನ್ನು ತೆಗೆದು ಅಲ್ಲಿ ಗಂಡನ ಹೆಸರನ್ನು ಬರೆಸುವುದು ಈ ಭಾಗದ ಸಾಮಾನ್ಯ ರೂಢಿ. ಶರೀಅತ್ ಇದನ್ನು ಕೇಳಿಲ್ಲ, ದೇಶದ ಕಾನೂನೂ ಕಡ್ಡಾಯ ಮಾಡಿಲ್ಲ. ಪ್ರವಾದಿ(ಸ) ಅವರ ಪತ್ನಿಯರು ಕೊನೆಯವರೆಗೂ ಆಯಿಶಾ ಬಿಂತ್ ಅಬೂಬಕರ್, ಹಫ್ಸಾ ಬಿಂತ್ ಉಮರ್ ಆಗಿಯೇ ಉಳಿದರು. ಲೋಕದಲ್ಲಿ ಅವರ ಪತಿಯ ಹೆಸರಿಗಿಂತ ಶ್ರೇಷ್ಠವಾದ ಹೆಸರಿಲ್ಲ, ಆದರೂ ತಂದೆಯ ಹೆಸರನ್ನು ಬದಲಿಸಲಿಲ್ಲ. ಮಗಳ ಹೆಸರಿನ ನಡುವೆಯೂ ತಂದೆಗೆ ಮಗನ ಹೆಸರಿನಲ್ಲಿರುವಷ್ಟೇ ಹಕ್ಕಿದೆ.

ಇವೆಲ್ಲವನ್ನೂ ಯೋಚಿಸಲು ಸಮಯವಿದೆಯೇ? ಇದೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಏಳನೆಯ ದಿನದ ಸುನ್ನತ್ ಅದರೊಳಗೇ ಬರುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೂ ಜನನವನ್ನು ದಾಖಲಿಸಬಹುದು, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದುದರಿಂದ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಅವಸರದಿಂದ ಬರೆಸುವ ಅಗತ್ಯವಿಲ್ಲ. ಆದರೆ ಬರೆಸಿದ ಮೇಲೆ ತಿದ್ದುವುದು ಸುಲಭವಲ್ಲ. 2023ರ ಅಕ್ಟೋಬರ್ 1ರಿಂದ ಜನಿಸಿದ ಮಕ್ಕಳಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಮೂಲ ಆಧಾರವಾಗಿದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ಮಾತ್ರ ಬದಲಿಸಲು ಅವಕಾಶವಿದೆ. ಒಂದು ಕಡೆ ಹುಸೇನ್, ಇನ್ನೊಂದು ಕಡೆ ಅಬ್ದುಲ್ ಹುಸೇನ್ ಎಂದಾದರೆ ಅಲೆದಾಡುವವನು ಹೆಸರಿಟ್ಟ ನಾವಲ್ಲ, ಬೆಳೆದು ನಿಂತ ಆ ಮಗು.

ತಂದೆತಾಯಿಯರಲ್ಲಿ ಒಮ್ಮತ ಮೂಡದಿದ್ದರೆ ಹೆಸರಿಡುವ ಹಕ್ಕು ತಂದೆಯದೆಂದು ಇಮಾಮ್ ಇಬ್ನುಲ್ ಖಯ್ಯಿಮ್ ಅವರು ನವಜಾತ ಶಿಶುಗಳ ಕುರಿತ ತಮ್ಮ ತುಹ್ಫತುಲ್ ಮೌದೂದ್ ಗ್ರಂಥದಲ್ಲಿ ಹೇಳಿದ್ದಾರೆ. ಆದರೆ ಹಕ್ಕನ್ನು ಚಲಾಯಿಸುವ ಸಂದರ್ಭ ಬಾರದಂತೆ ನೋಡಿಕೊಳ್ಳುವುದೇ ಮನೆಯ ಸೌಂದರ್ಯ. ಮರ್ಯಮ್(ಅ) ಎಂಬ ಹೆಸರನ್ನು ಇಟ್ಟವರು ಅವರ ತಾಯಿ ಎಂಬುದನ್ನು ಕುರ್‌ಆನ್ (3:36) ನಮಗೆ ನೆನಪಿಸುತ್ತದೆ.

ಗುಡಗೇರಿಯ ಆ ಮನೆಯಲ್ಲಿ ಕಾಗದವನ್ನು ಹರಿದು ಮತ್ತೆ ಬರೆದರು. ಮೊದಲು ಹುಸೇನ್, ನಡುವೆ ತಂದೆಯ ಹೆಸರು. ಅಲ್ಲಾಹನು ಇನ್ನೊಂದು ಗಂಡುಮಗುವನ್ನು ಕರುಣಿಸಿದರೆ ಅಬ್ದುರ್ರಹ್ಮಾನ್ ಎಂಬ ಹೆಸರು ಅದಕ್ಕಿರಲಿ ಎಂದು ತಾಯಿಯೇ ಹೇಳಿದರು. ಅಜ್ಜಿ ಮಗುವಿನ ಕಿವಿಯ ಬಳಿ ಬಾಗಿ ಪತಿಯ ಹೆಸರನ್ನು ಮೊದಲ ಬಾರಿಗೆ ಬಾಯ್ತುಂಬ ಕರೆದರು. ಗಂಡನ ಹೆಸರೆತ್ತದ ತಲೆಮಾರಿನವರು ಅವರು.

ಅಲ್ಲಾಹನು ನಮ್ಮ ಮಕ್ಕಳನ್ನು ತಮ್ಮ ಹೆಸರಿಗೆ ತಕ್ಕವರಾಗಿಯೂ ತಂದೆಯರ ಹೆಸರನ್ನು ಬೆಳಗುವವರಾಗಿಯೂ ಮಾಡಲಿ. ಆಮೀನ್.