ಕ್ರಿಸ್‌ಮಸ್ ಖರೀದಿ: ಬೇಗ ಇರಲಿ, ಲೆಕ್ಕವೂ ಇರಲಿ

ಡಿಸೆಂಬರ್ 25ಕ್ಕೆ ಇನ್ನೂ ಮೂರು ತಿಂಗಳಿದೆ, ಈಗಲೇ ಏನವಸರ ಅಂತೀರಾ? ಹಬ್ಬದ ಖರ್ಚೆಲ್ಲ ಒಂದೇ ಸಂಬಳದ ಮೇಲೆ ಬಿದ್ದರೆ ಜನವರಿಯಲ್ಲಿ ಪರದಾಡುವವರು ನಾವೇ ತಾನೇ? ಬೇಗ ಕೊಳ್ಳುವುದು ಜಾಣತನವೇ. ಆದರೆ ಎಲ್ಲವನ್ನೂ ಅಲ್ಲ.

ಕೇಕಿಗೆ ರಮ್‌ನಲ್ಲಿ ನೆನೆಹಾಕುವ ಒಣದ್ರಾಕ್ಷಿ, ಚೆರ್ರಿಗಳನ್ನು ಅಕ್ಟೋಬರ್‌ನಲ್ಲೇ ತನ್ನಿ. ನೆನೆದಷ್ಟೂ ರುಚಿ. ರಮ್ ಬೇಡ ಎನ್ನುವವರು ಕಿತ್ತಳೆ ರಸದಲ್ಲಿ ಹಿಂದಿನ ದಿನ ನೆನೆಸಿ ಫ್ರಿಜ್‌ನಲ್ಲಿಟ್ಟರೆ ಸಾಕು. ದೊಡ್ಡವರ ಬಟ್ಟೆಯನ್ನು ನವೆಂಬರ್‌ನಲ್ಲೇ ಟೈಲರ್‌ಗೆ ಕೊಟ್ಟುಬಿಡಿ. ಮಕ್ಕಳದ್ದಕ್ಕೆ ಆತುರ ಬೇಡ, ಅಷ್ಟರಲ್ಲಿ ಬೆಳೆದುಬಿಡುತ್ತಾರೆ! ನಕ್ಷತ್ರ ದೀಪ, ಗೋದಲಿಯ ಬೊಂಬೆ ಕೊಳ್ಳುವ ಮೊದಲು ಅಟ್ಟ ನೋಡಿ. ಹಳೆಯವೇ ಸಿಕ್ಕಾವು.

ಮಂಗಳೂರು ಕಡೆಯ ಕುಸ್ವಾರ್ ಮಾಡುವವರು ನೆವ್ರಿಯ ಎಳ್ಳು, ಕೊಬ್ಬರಿಯನ್ನು ಡಿಸೆಂಬರ್‌ನಲ್ಲೇ ತರಲಿ. ಕೊಬ್ಬರಿ ಕಮಟು ಹಿಡಿದರೆ ನೆರೆಮನೆಗೆ ಹಂಚುವ ತಟ್ಟೆಯ ಮರ್ಯಾದೆ ಹೋಗುತ್ತದೆ.

ಉಡುಗೊರೆಗೆ ಮಿಕ್ಸಿ, ವಾಚು ಕೊಳ್ಳುವಾಗಲೂ ಎಚ್ಚರ. ಸಾಮಾನ್ಯವಾಗಿ ಗ್ಯಾರಂಟಿ ಶುರುವಾಗುವುದು ಬಿಲ್ಲಿನ ದಿನದಿಂದ, ನೀವು ಕೊಟ್ಟ ದಿನದಿಂದಲ್ಲ. ಬಿಲ್ಲನ್ನು ಜೋಪಾನವಾಗಿಡಿ.

ಎಲ್ಲಕ್ಕಿಂತ ಮೊದಲು ಯಾರಿಗೆ ಏನು, ಎಷ್ಟರೊಳಗೆ ಅಂತ ಚೀಟಿ ಬರೆದುಕೊಳ್ಳಿ. ಚೀಟಿಯಲ್ಲಿಲ್ಲದ್ದನ್ನು 'ಸೇಲ್‌ನಲ್ಲಿ ಸಿಕ್ತು' ಅಂತ ತಂದರೆ ಅದು ಉಳಿತಾಯವಲ್ಲ, ಖರ್ಚೇ.