ಅಂಕಿತವಿಲ್ಲದ ಹಾಡು

ಕಳೆದ ನವೆಂಬರಿನಲ್ಲಿ ನಮ್ಮ ಚಿಕ್ಕಬಾಣಾವರದ ಬಡಾವಣೆಯೊಂದರಲ್ಲಿ ರಾಜ್ಯೋತ್ಸವದ ರಸಮಂಜರಿ ನಡೆಯಿತು. ಗಾಯಕನೊಬ್ಬ, ಕೋಳಿಯು ಕೋತಿಯನ್ನು ನುಂಗುವ ಶಿಶುನಾಳ ಶರೀಫರ ಹಾಡನ್ನು ಹಾಡಿದ. ಯುವಕರು ಕುಣಿದರು. ಕುಣಿಯಲಿ, ನನ್ನ ಆಕ್ಷೇಪಣೆಯಿಲ್ಲ. ನಿರೂಪಕರು ಅದನ್ನು 'ಅಶ್ವತ್ಥ್ ಅವರ ಹಾಡು' ಎಂದು ಪರಿಚಯಿಸಿದರು, ಅದನ್ನೂ ಸಹಿಸಿಕೊಂಡೆ. ಆದರೆ ಗಾಯಕನು ಕೊನೆಯ ಚರಣವನ್ನು ಕೈಬಿಟ್ಟು, ಪಲ್ಲವಿಯನ್ನೇ ಮೂರು ಬಾರಿ ತಿರುಗಿಸಿ, ಚಪ್ಪಾಳೆ ಗಿಟ್ಟಿಸಿ ಇಳಿದುಹೋದನಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಬಿಟ್ಟುಹೋದ ಚರಣದಲ್ಲಿ ಏನಿತ್ತು? ಲೋಕದ ವಸ್ತುಗಳೆಲ್ಲ ಒಂದನ್ನೊಂದು ನುಂಗಿದ ಮೇಲೆ, ಗುರು ಗೋವಿಂದಭಟ್ಟರ ಪಾದವು ಹಾಡುವವನನ್ನೇ ನುಂಗುತ್ತದೆ. ಒಗಟಿನ ಬೀಗದ ಕೈ ಇರುವುದೇ ಅಲ್ಲಿ. ಅದನ್ನು ತೆಗೆದರೆ ಉಳಿಯುವುದು ಬರಿಯ ತಮಾಷೆ.

ಶರೀಫರ ಬೇರೆ ಅನೇಕ ಪದಗಳಲ್ಲಿ ಕೊನೆಗೆ 'ಶಿಶುನಾಳಧೀಶ' ಎಂಬ ಅಂಕಿತ ಬರುತ್ತದೆ. 1819ರಲ್ಲಿ ಮುಸಲ್ಮಾನ ಮನೆತನದಲ್ಲಿ ಹುಟ್ಟಿ, ಕಳಸದ ಬ್ರಾಹ್ಮಣ ಗುರುವಿಗೆ ಶಿಷ್ಯರಾಗಿ, ತಮ್ಮೂರಿನ ದೇವರ ಹೆಸರನ್ನು ತಮ್ಮ ಪದಗಳಿಗೆ ರುಜುವಾಗಿ ಹಾಕಿದವರು ಅವರು. ಕೆಲಕಾಲ ಮಾಸ್ತರಿಕೆ ಮಾಡಿ ಬಿಟ್ಟರು. (ನನಗೆ ಆ ಧೈರ್ಯ ಬರಲಿಲ್ಲ; ಪಿಂಚಣಿಯವರೆಗೆ ಕಾದೆ.) 1889ರಲ್ಲಿ ಅವರು ತೀರಿಕೊಂಡ ಮೇಲೂ ಪದಗಳು ಭಜನಾ ಮೇಳಗಳ ಬಾಯಲ್ಲಿ ಉಳಿದವು. ಬಾಯಿಂದ ಬಾಯಿಗೆ ದಾಟುವ ಹಾಡಿಗೆ ಅಂಕಿತವೇ ಹಕ್ಕುಪತ್ರ. ಹಿಂದೂ ಮುಸಲ್ಮಾನ ಸೌಹಾರ್ದದ ಭಾಷಣಕ್ಕೆ ಶರೀಫರು ಬೇಕು, ಆ ಸೌಹಾರ್ದವು ನೆಲೆಸಿರುವ ಒಂದು ಪದ ಮಾತ್ರ ಬೇಡವೇ?

ಅಮೆರಿಕದ ಅಪಲೇಚಿಯನ್ ಬೆಟ್ಟನಾಡಿನ ಕಾರ್ಟರ್ ಕುಟುಂಬದವರು 1927ರಲ್ಲಿ ಮೊದಲು ಧ್ವನಿಮುದ್ರಣ ಮಾಡಿದರು. ಆ ಕುಟುಂಬದ ಎ.ಪಿ. ಕಾರ್ಟರ್ ಊರೂರು ಅಲೆದು ಸಂಗ್ರಹಿಸಿದ ಹಳೆಯ ಹಾಡುಗಳನ್ನೂ ತನ್ನ ಹೆಸರಿನಲ್ಲೇ ನೋಂದಾಯಿಸಿದ. ಅಲ್ಲಿ ಕಟ್ಟಿದವರ ಹೆಸರು ಹಾಡಿನೊಳಗೆ ಇರಲಿಲ್ಲ, ಅಳಿಸಿಹೋಯಿತು. ಇಲ್ಲಿ ಕವಿಯೇ ಹೆಸರಿಟ್ಟು ಹೋಗಿದ್ದಾನೆ, ನಾವು ಕತ್ತರಿ ಹಿಡಿದು ಕುಳಿತಿದ್ದೇವೆ.

ಸಿ. ಅಶ್ವತ್ಥರನ್ನು ನಾನು ದೂರುತ್ತಿಲ್ಲ. ಐಟಿಐ ಕಾರ್ಖಾನೆಯ ನೌಕರಿಯ ನಡುವೆಯೇ ಅವರು ಶರೀಫರ ಪದಗಳನ್ನು ನಾಡಿಗೆಲ್ಲ ಕೇಳಿಸಿದರು. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತ ನೀಡಿದರು. ಆ ಪದಗಳಿಗಾಗಿ ದುಡಿದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರನ್ನು ಜನ 'ಶರೀಫ್ ಭಟ್ಟ'ರೆಂದೇ ಕರೆದರು. ಇವರಿಲ್ಲದಿದ್ದರೆ ಪೀಣ್ಯದ ಕಾರ್ಮಿಕನ ಕಿವಿಗೆ ಶರೀಫರು ಬೀಳುತ್ತಿರಲಿಲ್ಲ. ದೋಷವಿರುವುದು ಅವಸರದ ವೇದಿಕೆಗಳಲ್ಲಿ.

ಕಾರ್ಯಕ್ರಮದ ನಂತರ ಆ ಗಾಯಕನನ್ನು ವಿಚಾರಿಸಿದೆ. "ಟ್ರ್ಯಾಕಿನಲ್ಲಿ ಅಷ್ಟೇ ಇರೋದು ಮೇಷ್ಟ್ರೇ" ಎಂದ. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಹಿಂದೊಮ್ಮೆ ಶಾಲಾ ವಾರ್ಷಿಕೋತ್ಸವಕ್ಕೆ ಸೋರುವ ಮಾಳಿಗೆಯ ಪದವನ್ನು ಮಕ್ಕಳಿಂದ ಹಾಡಿಸುವಾಗ, ಮೂರು ನಿಮಿಷ ಮೀರುತ್ತದೆಂದು ಕೊನೆಯ ಚರಣವನ್ನು ನಾನೇ ಹೊಡೆದುಹಾಕಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, "ಸಾರ್, ಶಿಶುನಾಳಧೀಶ ಅನ್ನೋದು ಬರೋದೇ ಅಲ್ಲಲ್ವಾ?" ಎಂದಿದ್ದಳು. ಸಮಯವಿಲ್ಲವೆಂದು ಗದರಿಸಿ ಕೂರಿಸಿದೆ. ಆ ಸಂಜೆ ಮುಖ್ಯ ಅತಿಥಿಗಳು 40 ನಿಮಿಷ ಮಾತನಾಡಿದರು.