ಪೆಟ್ರೋಲಿನ ಜಮಾ–ಖರ್ಚು

ಕಬ್ಬಿಣವನ್ನು ಬಂಗಾರ ಮಾಡುವ ವಿದ್ಯೆಯನ್ನು ನಂಬುವವರು ಈಗ ವಿರಳ. ಆದರೆ ಆ ವಿದ್ಯೆಯ ಹಿಂದಿದ್ದ ಆಸೆ ಸತ್ತಿಲ್ಲ. ವೇಷ ಬದಲಿಸಿಕೊಂಡು ಮೋಟಾರು ಕಾರಿನ ಬಾನೆಟ್ಟಿನ ಕೆಳಗೆ ಬಂದು ಕುಳಿತಿದೆ. ಪೆಟ್ರೋಲಿನ ನಳಿಗೆಗೆ ಒಂದು ಅಯಸ್ಕಾಂತ ಕಟ್ಟಿದರೆ ಸಾಕು, ಟ್ಯಾಂಕಿನೊಳಗೆ ನಾಲ್ಕು ನುಸಿಗುಳಿಗೆ ಹಾಕಿದರೆ ಸಾಕು, ನೀರು ತುಂಬಿದ ಡಬ್ಬಿಯೊಂದನ್ನು ಬ್ಯಾಟರಿಗೆ ಜೋಡಿಸಿದರೆ ಸಾಕು, ಲೀಟರಿಗೆ ಹದಿನೈದು ಕಿಲೋಮೀಟರು ಓಡುತ್ತಿದ್ದ ಕಾರು ಮೂವತ್ತು ಓಡುವುದಂತೆ! ಹಾಲು, ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಇವುಗಳ ಸಾಲಿನಲ್ಲಿ ಪೆಟ್ರೋಲಿನ ಬಾಬತ್ತನ್ನೂ ಬರೆದುಕೊಳ್ಳುವ ಗೃಹಸ್ಥನಿಗೆ ಈ ಮಾತು ಇಂಪಾಗಿ ಕೇಳಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇಂಥ ಪವಾಡಗಳ ಬೆನ್ನು ಹತ್ತಿ ಅವನ್ನು ಬಯಲಿಗೆ ಎಳೆಯುವವರು ಯಾರು? ಕಾರನ್ನು ಕಂಡರಾಗದವರಲ್ಲ, ಕಾರಿನ ಮೋಹಿಗಳೇ. ಭಾನುವಾರ ಬಂತೆಂದರೆ ಸ್ಪ್ಯಾನರು ಹಿಡಿದು ಎಂಜಿನ್ನಿನೊಳಗೆ ತಲೆ ತೂರಿಸುವ ಹವ್ಯಾಸಿಗಳು ಅವರು. ಎಂಜಿನ್ನಿನ ಮೇಲೆ ಅವರಿಗಿರುವ ಪ್ರೀತಿಯೇ ಸುಳ್ಳಿನ ಮೇಲೆ ಅವರಿಗೆ ಸಿಟ್ಟು ತರಿಸುತ್ತದೆ. ಅವರ ಆಯುಧವಾದರೂ ದೊಡ್ಡದೇನಲ್ಲ: ಒಂದು ಪೆನ್ಸಿಲು, ಒಂದು ನೋಟುಪುಸ್ತಕ, ಮನೆಯ ಯಜಮಾನಿಯರಿಗೆ ಚೆನ್ನಾಗಿ ಗೊತ್ತಿರುವ ಜಮಾ–ಖರ್ಚಿನ ಲೆಕ್ಕ.

ಈ ಲೆಕ್ಕಕ್ಕೆ ಹಳೆಯ ಉದಾಹರಣೆಯೊಂದುಂಟು. ಕೆನಡಾ ದೇಶದ ವಿನಿಪೆಗ್ ನಗರದ ಚಾರ್ಲ್ಸ್ ನೆಲ್ಸನ್ ಪೋಗ್ ಎಂಬಾತ ಪೆಟ್ರೋಲನ್ನು ಮೊದಲೇ ಆವಿಯನ್ನಾಗಿ ಮಾಡಿ ಎಂಜಿನ್ನಿಗೆ ಉಣಿಸುವ ಕಾರ್ಬ್ಯುರೇಟರನ್ನು ರೂಪಿಸಿ, 1930, 1935, 1936ರಲ್ಲಿ ಅಮೆರಿಕದ ಪೇಟೆಂಟುಗಳನ್ನು ಪಡೆದ. ಅದನ್ನು ಜೋಡಿಸಿದ ಕಾರು ಗ್ಯಾಲನಿಗೆ 200 ಮೈಲಿ, ಎಂದರೆ ಲೀಟರಿಗೆ 70 ಕಿಲೋಮೀಟರಿಗೂ ಹೆಚ್ಚು, ಓಡಿತೆಂಬ ಸುದ್ದಿ ಹಬ್ಬಿತು. ಆ ಕಾರ್ಬ್ಯುರೇಟರು ಪೇಟೆಗೆ ಬರಲೇ ಇಲ್ಲ. ಎಣ್ಣೆಯ ಕಂಪನಿಗಳು ಅದನ್ನು ಹೂತುಹಾಕಿದವೆಂಬ ಕಥೆ ಮಾತ್ರ ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಲೇ ಇದೆ.

ಹವ್ಯಾಸಿಗಳು ಇದನ್ನು ಪರೀಕ್ಷಿಸುವ ಬಗೆ ಸೊಗಸಾದುದು. ಒಂದು ಲೀಟರು ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿಯನ್ನು ಮನೆಯ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಹೇಳುವುದಾದರೆ ಸುಮಾರು 9 ಯೂನಿಟ್. ಇದು ಜಮಾ. ಇನ್ನು ಖರ್ಚು: ಆ ಕಾಲದ ಪೆಟ್ಟಿಗೆಯಾಕಾರದ ಭಾರವಾದ ಕಾರು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಗಾಳಿಯನ್ನು ಸೀಳಿಕೊಂಡು, ಟೈರುಗಳನ್ನು ಉರುಳಿಸಿಕೊಂಡು ಹೋಗಲು ಪ್ರತಿ ಆರು ಕಿಲೋಮೀಟರಿಗೆ ಹೆಚ್ಚುಕಡಮೆ ಒಂದು ಯೂನಿಟ್ ಬೇಕು. ಹಾಗಾದರೆ 70 ಕಿಲೋಮೀಟರಿಗೆ ಬೇಕಾದುದು ಹನ್ನೊಂದು ಯೂನಿಟ್ಟಿಗೂ ಮೇಲೆ. ಒಂಬತ್ತು ರೂಪಾಯಿ ಕೈಯಲ್ಲಿಟ್ಟುಕೊಂಡು ಸಾಲವಿಲ್ಲದೆ ಹನ್ನೊಂದು ರೂಪಾಯಿ ಖರ್ಚು ಮಾಡಿದೆನೆಂದು ಹೇಳುವವನ ಲೆಕ್ಕವನ್ನು ಯಾವ ಮನೆಯಲ್ಲಿ ಒಪ್ಪಿಯಾರು? ಪೆಟ್ರೋಲಿನ ಶಾಖದ ಒಂದು ಕಣವೂ ಪೋಲಾಗದೆ ಚಕ್ರಕ್ಕೆ ಸೇರಿದರೂ ಆ ದೂರ ಸಾಗದು. ಎಣ್ಣೆ ಕಂಪನಿಗಳ ಕುತಂತ್ರದ ಕಥೆಗೂ ಉತ್ತರ ಸರಳವಾಗಿದೆ. ಪೇಟೆಂಟು ಗುಟ್ಟಿನ ಪತ್ರವಲ್ಲ, ಎಲ್ಲರೂ ಓದಬಹುದಾದ ದಾಖಲೆ. ಆಗ ಅದರ ಅವಧಿ 17 ವರ್ಷ. ಪೋಗ್‌ನ ಕೊನೆಯ ಹಕ್ಕು 1953ರಲ್ಲಿ ತೀರಿತು. ಅಂದಿನಿಂದ ಯಾರು ಬೇಕಾದರೂ ಅದನ್ನು ತಯಾರಿಸಿ ಮಾರಬಹುದಿತ್ತು. ಪೇಟೆಂಟು ಕೊಡುವ ಕಚೇರಿ ಕಾರನ್ನು ಓಡಿಸಿ ನೋಡುವುದಿಲ್ಲವೆಂಬುದೂ ನೆನಪಿರಬೇಕಾದ ಸಂಗತಿ.

“ಎಂಜಿನ್ನಿನಲ್ಲಿ ಅರ್ಧ ಪೆಟ್ರೋಲು ಸುಡದೆ ಹೊಗೆಯಾಗಿ ಹೋಗುತ್ತದೆ, ನಮ್ಮ ಉಪಕರಣ ಅದನ್ನೂ ಸುಡುತ್ತದೆ” ಎಂಬುದು ಮಾರುವವರ ನಿತ್ಯದ ಮಂತ್ರ. ಇದು ನಿಜವಲ್ಲ. ಸುಸ್ಥಿತಿಯಲ್ಲಿರುವ ಬಿಸಿಯಾದ ಎಂಜಿನ್ನಿನಲ್ಲಿ ಪೆಟ್ರೋಲು ಬಹುಮಟ್ಟಿಗೆ ಪೂರ್ತಿಯಾಗಿಯೇ ಉರಿಯುತ್ತದೆ. ಸುಡದೆ ಉಳಿಯುವುದು ನೂರಕ್ಕೆ ಎರಡು ಮೂರು ಪಾಲಿಗಿಂತ ಹೆಚ್ಚಲ್ಲ. ನಷ್ಟವಾಗುವುದು ಉರಿದ ಮೇಲೆ. ಹುಟ್ಟಿದ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ರೇಡಿಯೇಟರಿನ ಮೂಲಕವೂ ಇನ್ನೊಂದು ಭಾಗ ಹೊಗೆಕೊಳವೆಯ ಮೂಲಕವೂ ಹೊರಗೆ ಹೋಗುತ್ತದೆ. ಕೆಲಸಕ್ಕೆ ದೊರೆಯುವುದು ಉಳಿದ ನಾಲ್ಕನೆಯ ಒಂದು ಅಥವಾ ಹೆಚ್ಚೆಂದರೆ ಮೂರನೆಯ ಒಂದು ಭಾಗ. ನಳಿಗೆಗೆ ಕಟ್ಟಿದ ಅಯಸ್ಕಾಂತ ಈ ನಷ್ಟವನ್ನು ಮುಟ್ಟಲಾರದು. ಪೆಟ್ರೋಲು ಅದರ ಸೆಳೆತಕ್ಕೆ ಕಿವಿಗೊಡುವ ವಸ್ತುವೂ ಅಲ್ಲ. ನುಸಿಗುಳಿಗೆಯೋ, ಪೆಟ್ರೋಲಿನಲ್ಲಿ ಕರಗಿ ಮಾಯವಾಗುತ್ತದೆ, ಅಷ್ಟೆ.

ನೀರಿನ ಡಬ್ಬಿಯ ಕಥೆ ಇನ್ನೂ ವಿಚಿತ್ರ. ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಪಡೆದು ಎಂಜಿನ್ನಿನಲ್ಲಿ ಉರಿಸುವುದು ಅದರ ಬಗೆ. ಆದರೆ ಜಲಜನಕ ಉರಿದುಳಿದ ಬೂದಿಯೇ ನೀರು. ಬೂದಿಯನ್ನು ಮತ್ತೆ ಸೌದೆಯಾಗಿಸಲು ಸೌದೆ ಕೊಟ್ಟಷ್ಟೇ ಶಕ್ತಿಯನ್ನು ಹಿಂದಕ್ಕೆ ತೆರಬೇಕಲ್ಲವೆ? ಆ ವಿದ್ಯುತ್ತು ಬರುವುದಾದರೂ ಎಂಜಿನ್ನು ತಿರುಗಿಸುವ ಆಲ್ಟರ್ನೇಟರಿನಿಂದ. ನೂರು ರೂಪಾಯಿನ ಪೆಟ್ರೋಲು ಎಂಜಿನ್ನಿನಲ್ಲಿ ಇಪ್ಪತ್ತೈದಾಗಿ, ಆಲ್ಟರ್ನೇಟರಿನಲ್ಲಿ ಹದಿನೈದಾಗಿ, ನೀರಿನ ಡಬ್ಬಿಯಲ್ಲಿ ಹತ್ತಾಗಿ, ಮತ್ತೆ ಅದೇ ಎಂಜಿನ್ನಿಗೆ ಬಂದು ಎರಡೂವರೆ ರೂಪಾಯಿನ ಕೆಲಸ ಮಾಡಿದರೆ ಹೆಚ್ಚು. ಇದು ಉಳಿತಾಯವಲ್ಲ, ದಿವಾಳಿಯ ದಾರಿ.

ಕಾಗದದ ಮೇಲಿನ ಈ ತೀರ್ಪನ್ನು ರಸ್ತೆಯೂ ಪ್ರಯೋಗಶಾಲೆಯೂ ಎತ್ತಿಹಿಡಿದಿವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1970ರ ದಶಕದಿಂದೀಚೆಗೆ ಇಂಥ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರಿಶೀಲಿಸಿತು; ಕೆಲವೇ ಕೆಲವು ತೀರ ಅಲ್ಪ ಉಳಿತಾಯವನ್ನು ತೋರಿದವು, ಗಣನೀಯ ಉಳಿತಾಯವನ್ನು ತೋರಿದುದು ಒಂದೂ ಇಲ್ಲ. 2006ರಲ್ಲಿ ‘ಮಿತ್‌ಬಸ್ಟರ್ಸ್’ ಎಂಬ ದೂರದರ್ಶನ ಕಾರ್ಯಕ್ರಮದವರು ಅಯಸ್ಕಾಂತ, ಪವಾಡದ ಕಾರ್ಬ್ಯುರೇಟರು, ನೀರಿನ ಜಲಜನಕ ಇವನ್ನೆಲ್ಲ ಪ್ರಯೋಗಿಸಿ ಬರಿಗೈಯಲ್ಲಿ ಹಿಂದಿರುಗಿದರು.

ಹಾಗಾದರೆ ಕಾರು ಅಂಥ ದೂರ ಓಡಿದ್ದೇ ಇಲ್ಲವೆ? ಓಡಿದ್ದುಂಟು, ನ್ಯಾಯವಾಗಿ ಅದನ್ನೂ ಹೇಳಬೇಕು. ಅಮೆರಿಕದ ಶೆಲ್ ಕಂಪನಿಯ ನೌಕರರು 1939ರಲ್ಲಿ ತಮ್ಮತಮ್ಮಲ್ಲೇ ಪಂದ್ಯ ಕಟ್ಟಿ ಆರಂಭಿಸಿದ ಸ್ಪರ್ಧೆಯಲ್ಲಿ, 1973ರಲ್ಲಿ, 1959ರ ಓಪೆಲ್ ಕಾರೊಂದು ಗ್ಯಾಲನಿಗೆ 376 ಮೈಲಿ, ಎಂದರೆ ಲೀಟರಿಗೆ ಸುಮಾರು 160 ಕಿಲೋಮೀಟರು ಸಾಗಿತು. ಪವಾಡದ ಮಾರಾಟಗಾರರು ಇದನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ. ಆದರೆ ಆ ಕಾರನ್ನು ಕೊರೆದು ಹಗುರಗೊಳಿಸಿದ್ದರು. ಅದಕ್ಕೆ ಸೈಕಲ್ಲಿನಂತೆ ಚೈನು ಜೋಡಿಸಿದ್ದರು. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿದ್ದರು. ನಡೆಸಿದ್ದು ಮೆಲ್ಲನೆಯ ವೇಗದಲ್ಲಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ ಹೋಗುವ ಗಾಡಿಯಲ್ಲ ಅದು. ಅವರು ಪೆಟ್ರೋಲಿನ ಜಮೆಯನ್ನು ಹೆಚ್ಚಿಸಲಿಲ್ಲ. ಕಾರಿನ ಖರ್ಚನ್ನು ಕತ್ತರಿಸಿದರು.

ಇಷ್ಟಾದರೂ ಉಪಕರಣ ಹಾಕಿಸಿದವರು ಆಣೆಯಿಟ್ಟು ಅದನ್ನು ಹೊಗಳುವುದೇಕೆ? ಅವರು ಸುಳ್ಳರಲ್ಲ. ಹಣ ಕೊಟ್ಟು ಹಾಕಿಸಿದ ದಿನದಿಂದ ಅವರ ಕಾಲು ಆಕ್ಸಿಲರೇಟರಿನ ಮೇಲೆ ಹಗುರವಾಗುತ್ತದೆ. ಅದೇ ಸಮಯಕ್ಕೆ ಸರ್ವೀಸೂ ಆಗಿರುತ್ತದೆ, ಟೈರಿಗೆ ಗಾಳಿಯೂ ಬಿದ್ದಿರುತ್ತದೆ. ಕೀರ್ತಿ ಮಾತ್ರ ಅಯಸ್ಕಾಂತಕ್ಕೆ. “ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂದರು ಹಿರಿಯರು. ಪ್ರಮಾಣಿಸುವ ಕ್ರಮ ಇದು: ಒಂದೇ ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಒಂದೇ ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಬರೆಯಬೇಕು. ಉಪಕರಣವಿಲ್ಲದೆ ಒಮ್ಮೆ, ಇಟ್ಟು ಒಮ್ಮೆ, ಕಳಚಿ ಮತ್ತೊಮ್ಮೆ. ಒಂದೆರಡು ಟ್ಯಾಂಕಲ್ಲ, ಹಲವು ಟ್ಯಾಂಕು. ಮೂವತ್ತು ಲೀಟರು ತುಂಬಿಸುವಾಗ ಒಂದು ಲೀಟರು ಹೆಚ್ಚುಕಡಮೆಯಾದರೂ ಲೆಕ್ಕ ನೂರಕ್ಕೆ ಮೂರರಷ್ಟು ತಪ್ಪುತ್ತದೆ.

ಹಣ ಹೋದರೆ ಮರಳಿ ಗಳಿಸಬಹುದು. ಕೆಲವು ಕೈಚಳಕಗಳಿಂದ ಹೋಗುವುದು ಹಣವಲ್ಲ. ಅಡುಗೆಯ ಗ್ಯಾಸ್ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟು ಎಂಜಿನ್ನಿಗೆ ಜೋಡಿಸುವುದು ಕಾನೂನಿಗೆ ವಿರುದ್ಧ ಮಾತ್ರವಲ್ಲ, ಬೆಂಕಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಂತೆ. ಉಳಿತಾಯಕ್ಕೆಂದು ಆಗುಂಬೆ, ಚಾರ್ಮಾಡಿಗಳ ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಕೆಲವರು ಎಂಜಿನ್ನನ್ನೂ ಆರಿಸಿ, ಕಾರನ್ನು ಜಾರಲು ಬಿಡುವುದುಂಟು. ಎಂಜಿನ್ನಿನ ಹಿಡಿತ ತಪ್ಪಿದ ಕಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಸೋಲುತ್ತದೆ. ಎಂಜಿನ್ನು ಆರಿದರೆ, ಕೆಲವು ಸಲ ತುಳಿಯುವಷ್ಟರಲ್ಲಿ ಬ್ರೇಕಿಗೆ ದೊರೆಯುವ ಸಹಾಯಶಕ್ತಿಯೂ ತೀರುತ್ತದೆ. ಇಷ್ಟು ಅಪಾಯಕ್ಕೆ ಪ್ರತಿಫಲವೇನು? ಇಂದಿನ ಇಂಜೆಕ್ಷನ್ ಎಂಜಿನ್ನು ಗೇರಿನಲ್ಲಿದ್ದು ಕಾಲು ಆಕ್ಸಿಲರೇಟರಿನಿಂದ ಎತ್ತಿದಾಗ ಪೆಟ್ರೋಲನ್ನು ತಾನಾಗಿಯೇ ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ನು ಆರದಿರಲು ಪೆಟ್ರೋಲು ಕುಡಿಯುತ್ತಲೇ ಇರುತ್ತದೆ. ಪ್ರಾಣವನ್ನು ಪಣಕ್ಕಿಟ್ಟು ನಷ್ಟವನ್ನು ಕೊಂಡಂತಾಯಿತು!

ನಿಜವಾದ ಉಳಿತಾಯಕ್ಕೆ ಹೆಸರೂ ಇಲ್ಲ, ಜಾಹೀರಾತೂ ಇಲ್ಲ. ಟೈರಿನ ಗಾಳಿಯನ್ನು ಸರಿಯಾಗಿಡುವುದು, ಡಿಕ್ಕಿಯಲ್ಲಿನ ಬೇಡದ ಭಾರವನ್ನು ಇಳಿಸುವುದು, ಸಿಗ್ನಲ್ಲಿನಲ್ಲಿ ಬಹಳ ಹೊತ್ತು ನಿಲ್ಲುವುದಾದರೆ ಎಂಜಿನ್ನು ಆರಿಸುವುದು, ಹೆದ್ದಾರಿಯಲ್ಲಿ ನೂರರ ಬದಲು ಎಂಬತ್ತರಲ್ಲಿ ಹೋಗುವುದು. ಎಂಬತ್ತರಿಂದ ನೂರಕ್ಕೇರಿದರೆ ಗಾಳಿಯ ಅಡ್ಡಿ ಒಂದೂವರೆ ಪಟ್ಟಿಗೂ ಹೆಚ್ಚುತ್ತದೆ. ಇವುಗಳಿಂದ ಮೈಲೇಜು ಇಮ್ಮಡಿಯಾಗದು. ತಿಂಗಳಿಗೆ ಒಂದೆರಡು ಲೀಟರು ಉಳಿದೀತು. ಆದರೆ ಉಳಿದುದು ದಿಟವಾಗಿ ಉಳಿಯುತ್ತದೆ. ಸಂಸಾರದಲ್ಲಾಗಲಿ ಕಾರಿನಲ್ಲಾಗಲಿ, ಜಮೆ ಇದ್ದಷ್ಟೇ; ಕೈಗೆ ಸಿಕ್ಕುವುದು ಖರ್ಚಿನ ಹಿಡಿತ ಮಾತ್ರ.